ಭಾವ ಹೇಳಿಕೊಡದ ಗೇರು

ಹೊಸ ಕಾರಿನ ಸೀಟಿನ ವಾಸನೆ ಬಂದರೆ ನಾನು ಈಗಲೂ ಸೆರಗು ಮೂಗಿಗೆ ಹಿಡಿಯುತ್ತೇನೆ. ಹುಬ್ಬಳ್ಳಿಯಲ್ಲಿ ಹೋಟೆಲು ಇಟ್ಟಿರುವ ಮೊಮ್ಮಗ ಮೊನ್ನೆ ಹೊಸ ಕಾರು ತಂದು, "ಕೂಕಣಿ ಅಜ್ಜಿ, ಒಂದ್ ಸುತ್ತ್ ಹೋಯ್ ಬಪ್ಪ" ಎಂದು ಬಾಗಿಲು ತೆಗೆದಾಗ ಅದೇ ವಾಸನೆ. ಅವನ ಎಡಗೈ ಪಕ್ಕದಲ್ಲಿ ಗೇರಿನ ಹಿಡಿ, ಅದರ ಬದಿಗೆ ಇಂಗ್ಲಿಷಿನ ನಾಲ್ಕು ಅಕ್ಷರ. ಎಡಗಾಲಿಗೆ ಕ್ಲಚ್ಚಿಲ್ಲ. "ಇದೆಲ್ಲ ಈಗಿನ ಕಾಲದ್ದ್ ಅಜ್ಜಿ, ನಿಮ್ಗ್ ಗೊತ್ತಿರುದಿಲ್ಲ" ಎಂದ. ಅವನು ಹುಟ್ಟುವ ಎಷ್ಟೋ ಮೊದಲೇ ಅಂಥ ನಾಲ್ಕು ಅಕ್ಷರವನ್ನು ನಮ್ಮ ಅಡುಗೆಮನೆಯ ನೆಲದ ಮೇಲೆ ಕಂಡವಳು ನಾನು.

ಬರೆದು ತೋರಿಸಿದವನು ಭಾವ, ನನ್ನ ಅಕ್ಕನ ಗಂಡ. ಯುದ್ಧದ ಕಾಲದಲ್ಲಿ ಬೊಂಬಾಯಿಯ ಗ್ಯಾರೇಜಿನಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಹಂಗಾರಕಟ್ಟೆಯ ಹತ್ತಿರ ನಮ್ಮ ಒಡೆಯರ ಮನೆಯಲ್ಲಿ ಡ್ರೈವರನಾಗಿದ್ದ. ಒಡೆಯರಿಗೆ ಬೊಂಬಾಯಿಯಲ್ಲಿ ಹೋಟೆಲು, ಊರಲ್ಲಿ ಗದ್ದೆ. ಅಲ್ಲಿಂದ ಅಮೆರಿಕದ ಕಾರೊಂದನ್ನು ತರಿಸಿದ್ದರು. ಕೆನೆಬಣ್ಣದ ಚರ್ಮದ ಸೀಟು. ದಿನಾ ಬೆಳಿಗ್ಗೆ ಅದನ್ನು ಒರೆಸುವುದು ಭಾವನ ಕೆಲಸ, ಒರೆಸಿದ್ದನ್ನು ಮುಟ್ಟಿ ನೋಡುವುದು ಒಡೆಯರ ಕೆಲಸ.

ಅಕ್ಕ ಒಂದು ಬೆಳಿಗ್ಗೆ ಗಂಡು ಹೆತ್ತಳು. ಮಗು ಗಟ್ಟಿಯಾಗಿಯೇ ಅತ್ತಿತು. ಅಕ್ಕನಿಗೆ ಮಾತ್ರ ನೆತ್ತರು ನಿಲ್ಲಲಿಲ್ಲ. ಡಾಕ್ಟರು ಇದ್ದದ್ದು ಹೊಳೆಯ ಆಚೆ, ಬ್ರಹ್ಮಾವರದ ಕಡೆ. ಭಾವ ಓಡಿ ಹೋಗಿ ಒಡೆಯರ ಕಾಲು ಹಿಡಿದ. ಅವನ ಹಿಂದೆಯೇ ಓಡಿದ್ದ ನಾನು ಅಂಗಳದಲ್ಲಿ ನಿಂತು ಕೇಳಿದ ಮಾತು ಇದು:

"ಸೀಟಿಗೆ ನೆತ್ತರ್ ತಾಗ್ರೆ ಮತ್ತ್ ಹೋತ್ತಾ? ಗಾಡಿ ಕಟ್ಕಂಡ್ ಹೋಗ್."

ಎತ್ತಿನ ಗಾಡಿ ಕಟ್ಟಿದೆವು. ಹೊಳೆ ದಾಟುವ ಕಡವು ಕಣ್ಣಿಗೆ ಕಾಣುವ ಹೊತ್ತಿಗೆ ಅಕ್ಕನ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು...

ಸೂತಕ ಕಳೆದದ್ದೇ ತಡ, ಭಾವ ಮತ್ತೆ ಅದೇ ಮನೆಗೆ ಕೆಲಸಕ್ಕೆ ಹೋದ! ಅದೇ ಸೀಟು ಒರೆಸಲು ಹೋದ! ನನಗೆ ಮೈಯೆಲ್ಲ ಉರಿಯಿತು. ಒಡೆಯನ ಮೇಲಿದ್ದ ಸಿಟ್ಟಿಗಿಂತ ಒಂದು ಹಿಡಿ ಹೆಚ್ಚೇ ಭಾವನ ಮೇಲೆ ಬಂತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಸುವಿನ ಹಾಲು ಕುಡಿಸುತ್ತ ಕೇಳಿಯೇಬಿಟ್ಟೆ: "ಆ ಮನಿ ಅನ್ನ ನಿಮ್ಗ್ ಗಂಟ್ಲಲ್ ಇಳಿತ್ತಾ ಭಾವ?" ಅವನು ಮಗುವಿನ ಮುಖ ನೋಡಿ ಹೊರಗೆ ಹೋದ.

ಮಳೆಗಾಲ ಕಳೆಯಿತು. ಭಾವ ಬೊಂಬಾಯಿಗೆ ಹೋಗುತ್ತೇನೆಂದು ಒಡೆಯರಿಗೆ ಹೇಳಿದ. ಒಡೆಯರು ನಕ್ಕರಂತೆ. ಕ್ಲಚ್ಚೇ ಇಲ್ಲದ ಕಾರಿಗೆ ಡ್ರೈವರ್ ಯಾಕೆ, ನಾನೇ ಬಿಡುತ್ತೇನೆ, ತೋರಿಸಿಕೊಟ್ಟು ಹೋಗು ಎಂದರಂತೆ. ಭಾವ ತೋರಿಸಿಕೊಟ್ಟ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಗಂಜಿ ಉಂಡು, ಒಲೆಯಿಂದ ಇದ್ದಿಲು ತೆಗೆದು, ನೆಲದ ಮೇಲೆ ಸಾಲಾಗಿ ನಾಲ್ಕು ಇಂಗ್ಲಿಷ್ ಅಕ್ಷರ ಬರೆದ. ಮೇಲೆ ಸಟ್ಟುಗ ಇಟ್ಟ.

"ಕಾಣ್ ಹೆಣೆ, ಇದ್ ಗೇರಿನ್ ಹಿಡಿ. ಮೊದಲ್ನೇದ್ರಗೆ ಇಟ್ರೆ ಇಂಜಿನ್ ಬರೀ ತಿರ್ಗತ್ತ್, ಕಾರ್ ಹೋತಿಲ್ಲ. ಎರಡ್ನೇದ್ ಮುಂದ್ ಹೋಪುಕೆ. ಗೇರ್ ಅದೇ ಬದಲ್ಸ್ಕಂತ್ತ್. ಮೂರ್ನೇದ್ ಏರಿ ಹತ್ತುಕೆ. ನಾಕ್ನೇದ್ ಹಿಂದ್ ಹೋಪುಕೆ. ಇಷ್ಟನ್ನೂ ಒಡೆಯರಿಗೆ ಹೇಳ್ ಕೊಟ್ಟಿದೆ."

ಸಟ್ಟುಗವನ್ನು ನಾಲ್ಕನೆಯ ಅಕ್ಷರಕ್ಕೆ ಸರಿಸಿದ.

"ಇದಕ್ಕೆ ಇನ್ನೊಂದ್ ಕೆಲ್ಸ ಇತ್ತ್. ಇಂಜಿನ್ ನಿಲ್ಸಿ ಇದ್ರಗೆ ಇಟ್ರೆ ಒಳ್ಗೆ ಹಲ್ಲ್ ಕಚ್ಚಿ ಚಕ್ರಕ್ಕೆ ಬೀಗ ಬೀಳತ್ತ್. ಮತ್ತ್ ಯಾವ್ದ್ರಗ್ ಇಟ್ರೂ ಕಾರ್ ನಿಲ್ಲುದಿಲ್ಲ. ಬಸ್ಸಲ್ಲಾರೆ ಇಂಜಿನ್ನೇ ಚಕ್ರನ ಹಿಡ್ಕಂತ್ತ್. ಇದ್ರಲ್ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಇಪ್ಪುದ್ ಎಣ್ಣಿ. ಇಂಜಿನ್ ನಿಂತ್ರೆ ಎಣ್ಣಿಗ್ ಬಲ ಇಲ್ಲ. ಅದನ್ನ ಅವ್ರ್ ಕೇಣ್ಲಿಲ್ಲ. ನಾನ್ ಹೇಳ್ಲಿಲ್ಲ."

ಅಷ್ಟು ಹೇಳಿ ಅಂಗೈಯಿಂದ ಅಕ್ಷರಗಳನ್ನು ಅಳಿಸಿದ. ಅಕ್ಕ ಹೋದ ಮೇಲೆ ಮೊದಲ ಸಲ ನನಗೆ ಭಾವನ ಮೇಲೆ ಗೌರವ ಬಂತು.

ನಮ್ಮ ಕಡವಿನ ರೂಢಿ ಬಲ್ಲವರಿಗೆ ಮುಂದಿನದು ಗೊತ್ತಾಗಿರಬೇಕು. ಆಗ ಸೇತುವೆ ಇರಲಿಲ್ಲ. ಎರಡು ದೋಣಿಗೆ ಹಲಗೆ ಹಾಸಿದ ಜಂಗಲ್ಲಿನಲ್ಲಿ ಬಸ್ಸು, ಕಾರು ಎಲ್ಲ ದಾಟಬೇಕು. ಜಂಗಲ್ಲು ಆಚೆ ದಡದಲ್ಲಿದ್ದರೆ ಈಚೆಯ ಇಳಿಜಾರಿನಲ್ಲಿ ಕಾಯಬೇಕು. ಪೆಟ್ರೋಲಿಗೆ ರೇಶನ್ನು ಇದ್ದುದರಿಂದ ಎಲ್ಲರೂ ಇಂಜಿನ್ ನಿಲ್ಲಿಸಿ, ಮುಂದೆ ಹೋಗುವ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಇಳಿಯುತ್ತಿದ್ದರು. ಉಪ್ಪುಗಾಳಿ ತಿಂದ ಹ್ಯಾಂಡ್‌ಬ್ರೇಕನ್ನು ನಂಬುವವರು ಯಾರೂ ಇರಲಿಲ್ಲ.

ಭಾವ ಹೋದ ಮೇಲೆ ನಾನು ಏನಾದರೊಂದು ನೆಪ ಮಾಡಿಕೊಂಡು ಕಡವಿನ ಅಂಗಡಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಒಡೆಯರು ತಾವೇ ಕಾರು ಬಿಟ್ಟುಕೊಂಡು ಬಂದರು. "ಗೇರಿಗ್ ಹಾಕಿ ಒಡೇರೆ!" ಎಂದು ಕಡವಿನವನು ಎಂದಿನಂತೆ ಕೂಗಿದ. "ಹಾಕಿದೆ ಮಾರಾಯ" ಎಂದು ಇಳಿದರು. ಕಲ್ಲು ತಂದವನನ್ನು ಗದರಿಸಿದರು: "ಹ್ವಾಯ್, ಕಲ್ಲ್ ಗಿಲ್ಲ್ ಬ್ಯಾಡ, ಟಯರ್ ಗೀರಿ ಹೋತ್ತ್." ಕೆಳಗೆ ಯಾರೂ ಇರಲಿಲ್ಲ. ಇದ್ದಿದ್ದರೆ ಕೂಗುತ್ತಿದ್ದೆನೋ ಏನೋ... ಈಗ ಹೇಳುವುದು ಸುಲಭ.

ಕಾರು ಮೊದಲು ಒಂದು ಮೊಳ ಸರಿಯಿತು. ಆಮೇಲೆ ಯಾರಿಗೂ ಹಿಡಿಯಲಾಗಲಿಲ್ಲ, ನೆಟ್ಟಗೆ ಹೊಳೆಗೆ ಇಳಿಯಿತು. ಒಡೆಯರು ಪಂಚೆ ಎತ್ತಿಕೊಂಡು ಹಿಂದೆ ಓಡಿ, ಜಾರಿ, ಬಾಯಿ ತುಂಬ ಹೊಳೆನೀರು ಕುಡಿದು ಎದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಸೆರಗು ಬಾಯಿಗಿಟ್ಟು ನಕ್ಕೆ, ಕಣ್ಣೀರು ಬರುವಷ್ಟು ನಕ್ಕೆ. ಮರುದಿನ ಇಳಿತದಲ್ಲಿ ತೆಂಗಿನ ಹಗ್ಗ ಕಟ್ಟಿ ಎಳೆದರು. ನೋಡಲೆಂದೇ ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಕೆನೆಬಣ್ಣದ ಸೀಟಿನ ಮೇಲೆ ಗೇಣು ದಪ್ಪ ಕೆಸರು, ಅದರಲ್ಲೊಂದು ಏಡಿ. "ಕಾಣ್ ಮಗಾ, ಕಾಣ್" ಎಂದು ತೋರಿಸಿದೆ. ಒಡೆಯರು ದಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಊರಿನವನೊಬ್ಬ ಬೊಂಬಾಯಿಯಲ್ಲಿ ಭಾವನಿಗೆ ಈ ಸುದ್ದಿ ಮುಟ್ಟಿಸಿದನಂತೆ. ಭಾವ ನಗಲಿಲ್ಲವಂತೆ. "ಸೀಟ್ ಎಂತಾಯ್ತ್?" ಎಂದು ಅದೊಂದನ್ನೇ ಕೇಳಿದನಂತೆ. ಮತ್ತೆ ಅವನು ಊರಿಗೆ ಬರಲಿಲ್ಲ. ಅಲ್ಲೇ ಜ್ವರ ಬಂದು ತೀರಿಕೊಂಡ. ಆ ಮನೆಯ ಅನ್ನದ ಮಾತು ಆಡಿದ್ದಕ್ಕೆ ಒಂದು ಸಲ ಅವನೆದುರು ಕೂತು ಉಣ್ಣಲು ಬಡಿಸಬೇಕೆಂದಿದ್ದೆ... ಆಗಲಿಲ್ಲ. ಮಗುವನ್ನು ನಾನೇ ಸಾಕಿದೆ. ಮೊನ್ನೆ ಕಾರು ತಂದವನು ಆ ಮಗುವಿನ ಮಗ, ಅಕ್ಕನ ಮೊಮ್ಮಗ.

ಹಳೆಯ ಕಡವಿನ ಹತ್ತಿರ ನಿಲ್ಲಿಸು ಎಂದೆ. ನಿಲ್ಲಿಸಿ, ಹಿಡಿಯನ್ನು ಮುಂದಕ್ಕೆ, ತುದಿಯ ಅಕ್ಷರಕ್ಕೆ ತಳ್ಳಿ, "ಇನ್ನ್ ಬೀಗ ಹಾಕ್ದಾಂಗೆ ಅಜ್ಜಿ, ಎಲ್ಲೂ ಹೋತಿಲ್ಲ" ಎಂದ. ಗೊತ್ತಿದೆ ಮಗನೇ, ಎಂದುಕೊಂಡೆ. ಇಳಿದು ನೀರಿನ ತನಕ ಹೋದೆ. ಜಂಗಲ್ಲೂ ಇಲ್ಲ, ಕೂಗುವವನೂ ಇಲ್ಲ. ತಿರುಗಿ ಬರುವಾಗ ಕಾಲು, ಸೀರೆಯ ಅಂಚು ಎಲ್ಲ ಕೆಸರು. ಕಾರಿನ ಬಾಗಿಲಲ್ಲಿ ನನಗೆ ಗೊತ್ತಿಲ್ಲದೆಯೇ ನಿಂತುಬಿಟ್ಟೆ.

"ಎಂತ ನಿಂತ್ರಿ? ಹತ್ತಿ ಅಜ್ಜಿ, ಒರ್ಸ್ರೆ ಹೋತ್ತ್" ಎಂದ ಅವನು.

ಹತ್ತಿ ಕೂತೆ. ಸೀಟಿಗೆ ಕೆಸರು ಹತ್ತಿತು. ಒರೆಸಿದರೆ ಹೋಗುತ್ತದೆ. ಅಕ್ಕನ ನೆತ್ತರೂ ಹೋಗುತ್ತಿತ್ತು.