ಅಮ್ಮನ ಸೊಳ್ಳೆ ಪರದೆಯೊಳಗೆ ದೋಣಿಯ ಪಂಪು

ಗೆಳೆಯರೇ, ಬೂದಿಕೋಟೆಯ ನಮ್ಮ ರಾಗಿ ಮಿಲ್ಲನ್ನು ಓಡಿಸುವುದು ಮದ್ರಾಸಿನ ಗುಜರಿಯಲ್ಲಿ ಕೊಂಡ ಮೀನುದೋಣಿಯ ಡೀಸೆಲ್ ಇಂಜಿನ್. ಇವತ್ತು ಬೆಳಿಗ್ಗೆ ಅದು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಹೊರಗೆ ರಾಗಿ ತಂದವರ ಸಾಲು. ಅವರ ಮನೆಗಳಲ್ಲಿ ರಾತ್ರಿಯ ಮುದ್ದೆಗೆ ಹಿಟ್ಟಿಲ್ಲ.

ಚಾಂಪಿಯನ್ ರೀಫ್ಸ್‌ನಿಂದ ಮೆಕ್ಯಾನಿಕ್ ಸೆಲ್ವಂ ಬಂದ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪನ್ನು ಕಳಚಿಕೊಂಡು, ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟನ್ನು ನೋಡಿದ.

"ಕಡಲಲ್ಲಿ ಧೂಳಿಲ್ಲ ಸಾರ್. ಇಲ್ಲಿ ಬಿಚ್ಚಿದ್ರೆ ಪಂಪು ಕೆಟ್ಟೋಯ್ತದೆ. ಸೊಳ್ಳೆ ಪರದೆ ಇದ್ರೆ ಒದ್ದೆ ಮಾಡಿ ಕೊಡಿ, ಹಿಟ್ಟು ಅದಕ್ಕೇ ಅಂಟ್ಕೊತದೆ."

ನಮ್ಮಮ್ಮ ಸಿಡಿದಳು. "ನನ್ ಪರದೆ ಯಾಕ್ಲಾ? ಇಂಜಿನ್ನಿಗೂ ಸೊಳ್ಳೆ ಕಚ್ತದಾ?"

ಕೊನೆಗೂ ಅಮ್ಮನ ಮಂಚಕ್ಕೇ ಒದ್ದೆ ಪರದೆ ಕಟ್ಟಿದೆವು. ಸೆಲ್ವಂ ಅದರೊಳಗೆ ಕೂತು, ಪಂಪಿನ ಒಂದೊಂದೇ ಭಾಗವನ್ನು ಡೀಸೆಲ್‌ನಲ್ಲಿ ತೊಳೆದ. ರಾಗಿ ತಂದವರು ಹೆರಿಗೆ ಕೋಣೆಯ ಮುಂದೆ ನಿಂತವರಂತೆ ಪಿಸುಗುಟ್ಟುತ್ತಿದ್ದರು. ಒಬ್ಬ ಅಜ್ಜಿಯಂತೂ ಕೇಳಿಯೇಬಿಟ್ಟಳು, "ಗಂಡೇನಪ್ಪಾ, ಎಣ್ಣಾ?"

ಮಧ್ಯಾಹ್ನ ಇಂಜಿನ್ ಅಬ್ಬರಿಸಿತು. ಸಂಜೆಯೊಳಗೆ ಎಲ್ಲರ ಚೀಲಕ್ಕೂ ಹಿಟ್ಟು ಬಿತ್ತು.

ಡೀಸೆಲ್ ನಾತದ ಪರದೆಯನ್ನು ಮೂಸಿ ಸಂಜೆಯಿಡೀ ನನ್ನನ್ನು ಬೈದ ಅಮ್ಮ, ಈಗಷ್ಟೇ ಅದರೊಳಗಿಂದ ಕೂಗಿದಳು:

"ಲೇ, ಮುಂದಿನ ತಿಂಗಳೂ ಆ ಪಂಪು ಬಿಚ್ಚಿಸು ಕಣ್ಲಾ. ಒಂದು ಸೊಳ್ಳೆನೂ ಈ ಕಡೆ ಸುಳೀತಿಲ್ಲ!"