ವ್ಯಾನಿಗೆ ಬೇಕಾದ ಇಪ್ಪತ್ತು ಹೆಸರು

ಸ್ತನ ಪರೀಕ್ಷೆಯ ವ್ಯಾನನ್ನು ನಮ್ಮ ಕಡೆಗೆ ಕರೆಸಲೇಬೇಕೆಂದು ನಾನು ಹಟ ಹಿಡಿದದ್ದು ಒಬ್ಬರೇ ಒಬ್ಬರಿಗಾಗಿ. ಅಮೆರಿಕದ ಅರೋರಾ ಊರಿನ ನಮ್ಮ ಬಡಾವಣೆಯಲ್ಲೇ ಮಗನ ಮನೆಯಲ್ಲಿದ್ದ ಹುಬ್ಬಳ್ಳಿಯ ಆಂಟಿ ಅವರು. ಪ್ರತಿ ಶನಿವಾರ ದೇವಸ್ಥಾನದ ಅಡುಗೆಮನೆಗೆ ಸೇವೆಗೆಂದು ನನ್ನ ಕಾರಿನಲ್ಲೇ ಬರುತ್ತಿದ್ದರು. ಒಂದು ದಿನ ಸಿಗ್ನಲ್‌ನಲ್ಲಿ ನಿಂತಾಗ ನನ್ನ ಮುಖ ನೋಡದೆಯೇ ಹೇಳಿದರು:

“ನಮ್ಮ ಅಕ್ಕ ಎದಿ ಕ್ಯಾನ್ಸರ್‌ನಾಗ ಹೋದ್ಲು. ಹುಡುಗರಿಗೆ ಹೊಟ್ಟಿಬ್ಯಾನಿ ಅಂತ ಹೇಳಿ ಮುಚ್ಚಿಟ್ಟೀವಿ. ಈಗ ನನಗೂ ಅಂಜಿಕಿ ಅದ. ಇಲ್ಲೆ ನೋಡಿದ್ರ ಇನ್ಶೂರೆನ್ಸ್ ಇಲ್ಲ. ಮಗನ ಮುಂದ ಹೇಳಬ್ಯಾಡವಾ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ದುಡ್ಡು ತೆಗೆದುಕೊಳ್ಳದೆ ನೋಡುವ ಒಂದು ಕ್ಲಿನಿಕ್‌ನವರ ಬಳಿ ಅಂಥ ವ್ಯಾನ್ ಇತ್ತು. ಇಪ್ಪತ್ತು ಹೆಸರು ಕೊಟ್ಟರೆ ಮಾತ್ರ ಅದು ಹೊರಡುತ್ತದೆ. ಫೋನ್ ಮಾಡಿದರೆ ಆ ಕಡೆಯವಳು, ನಿಮ್ಮವರೇ ಮೂರು ಗುಂಪು ಆಗಲೇ ಬೇರೆ ಬೇರೆಯಾಗಿ ಕೇಳಿದ್ದಾರಲ್ಲ ಎಂದಳು. ದೇವಸ್ಥಾನ, ಕನ್ನಡ ಸಂಘ, ಹತ್ತಿರದ ಊರಾದ ವೆಸ್ಟ್‌ಮಂಟಿನ ಹಿರಿಯರ ಕೂಟ. ಒಬ್ಬೊಬ್ಬರದೂ ಎಂಟೊಂಬತ್ತು ಹೆಸರು. ಇನ್ನೊಬ್ಬರು ಕೇಳಿದ್ದು ಯಾರಿಗೂ ಗೊತ್ತಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ಮೂವರು ಅಧ್ಯಕ್ಷರನ್ನೂ ಮನೆಗೆ ಕರೆದು ಉಪ್ಪಿಟ್ಟು ಕೊಟ್ಟು ಕೂರಿಸಿದೆ. ವ್ಯಾನ್ ಯಾರ ಜಾಗದಲ್ಲಿ ನಿಲ್ಲಬೇಕು ಎಂಬುದಕ್ಕೇ ಒಂದು ಗಂಟೆ ಹೋಯಿತು. ದೇವಸ್ಥಾನದ ಪಕ್ಕದ ಚರ್ಚಿನವರು ಪಾರ್ಕಿಂಗ್ ಕೊಡಲು ಒಪ್ಪಿದ್ದಾರೆ ಎಂದು ನಾನೇ ಆ ಮಾತು ಮುಗಿಸಿದೆ.

“ಹಾಗಾದ್ರೆ ನಮ್ಮ ಬ್ಯಾನರ್ ಎಲ್ಲಿ ಹಾಕೋದು ಮೇಡಂ?” ಎಂದರು ಸಂಘದ ಅಧ್ಯಕ್ಷರು.

“ನಿಮ್ಮ ಗರಾಜ್‌ಗೆ ಹಾಕ್ಕೊಳ್ಳಿ ಸರ್. ಈಗ ಲಿಸ್ಟ್ ಕೊಡಿ.”

ಮೂರೂ ಲಿಸ್ಟ್ ಕೈಗೆ ಬಂದಾಗ ಗೆದ್ದೆ ಅಂದುಕೊಂಡೆ. ಆಮೇಲೆ ಹೆಸರುಗಳನ್ನು ಓದಿದೆ. ಮೂರರಲ್ಲೂ ಹೆಚ್ಚುಕಡಿಮೆ ಅವೇ ಹೆಂಗಸರು! ನಮ್ಮವರು ಯಾವ ಸಂಘವನ್ನೂ ಬಿಡುವುದಿಲ್ಲವಲ್ಲ. ಒಟ್ಟು ಹನ್ನೊಂದು ಜನ, ಅದರಲ್ಲಿ ಆಂಟಿ ಇಲ್ಲ. ಲಿಸ್ಟ್ ಓಡಾಡಿದ್ದು ಗಂಡಸರೂ ಇರುವ ವಾಟ್ಸಾಪ್ ಗುಂಪುಗಳಲ್ಲಿ. ಅಂಕಲ್‌ಗಳ ಶುಭೋದಯದ ಹೂವುಗಳ ನಡುವೆ ಇದಕ್ಕೆ ಹೆಸರು ಬರೆಯಲು ಯಾರಿಗೆ ಮನಸ್ಸು ಬಂದೀತು?

ಸೋಮವಾರದೊಳಗೆ ಇಪ್ಪತ್ತಾಗದಿದ್ದರೆ ವ್ಯಾನ್ ಬೇರೆ ಊರಿಗೆ ಹೋಗುತ್ತಿತ್ತು. ಶನಿವಾರ ಕಾಗದ ಹಿಡಿದು ಅಡುಗೆಮನೆಗೇ ನುಗ್ಗಿದೆ. ಹುರುಳಿಕಾಯಿ ಹೆಚ್ಚುತ್ತಿದ್ದವರು ನಕ್ಕರು. “ನಮಗೇನಾಗಿದೆ ಬಿಡ್ರೀ” ಎಂದರು ಒಬ್ಬರು. “ಮುಂದಿನ ಸಲ ನೋಡೋಣ” ಎಂದರು ಇನ್ನೊಬ್ಬರು. ನನ್ನ ಬಾಯಿ ಜೋರಾಗುವುದರಲ್ಲಿತ್ತು. ಅಷ್ಟರಲ್ಲಿ ಆಂಟಿ ಚಾಕು ಕೆಳಗಿಟ್ಟರು.

“ನಮ್ಮಕ್ಕ ನಾಚಿಕೊಂಡು ಯಾರಿಗೂ ತೋರಸ್ಲಿಲ್ಲ. ತೋರಸೋದ್ರೊಳಗ ಕೈ ಮೀರಿತ್ತು. ನನ್ನ ಹೆಸರು ಬರಕೋವಾ.”

ಒಬ್ಬರು ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದರು. ಅನ್ನ ಇಳಿಸುವ ಹೊತ್ತಿಗೆ ಇಪ್ಪತ್ಮೂರು ಹೆಸರಾಗಿತ್ತು.

ವ್ಯಾನ್ ಬಂದ ದಿನ ಮೂವರು ಅಧ್ಯಕ್ಷರೂ ಬಿಸಿಲಲ್ಲಿ ನಿಂತು ಕಾರುಗಳಿಗೆ ಜಾಗ ತೋರಿಸಿದರು. ಒಂದು ಬ್ಯಾನರೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ನಾನು ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಎರಡು ವಾರದ ನಂತರ ರಿಪೋರ್ಟ್ ಬಂತೆಂದು ಆಂಟಿ ನನ್ನನ್ನು ಕರೆಸಿದರು. ಇಂಗ್ಲಿಷ್ ಕಾಗದ, ನಾನು ಓದಿ ಹೇಳಬೇಕೇನೋ ಎಂದುಕೊಂಡು ಹೋದೆ. ಆದರೆ ಒಡೆಯದ ಲಕೋಟೆಯನ್ನು ಅವರು ಮಗನ ಕೈಗಿಟ್ಟರು. ಅವನು ಓದಿದ.

“ಎಲ್ಲಾ ನಾರ್ಮಲ್ ಅದ ಅಂತವ್ವಾ.” ಮತ್ತೊಮ್ಮೆ ಕಾಗದ ನೋಡಿದ. “ಆದ್ರ ಇದನ್ನ ಯಾಕ ಮಾಡಿಸ್ದಿ?”

ಆಂಟಿ ಪಕ್ಕದ ಕುರ್ಚಿ ಎಳೆದರು.

“ಕುಂದ್ರಪಾ. ನಿಮ್ಮ ದೊಡ್ಡವ್ವ ಹೆಂಗ ಹೋದ್ಲು ಅಂತ ಹೇಳ್ತೀನಿ.”