ನಿಡುಗಲ್ ಹೊಲದ ನಕ್ಷೆಯಲ್ಲಿದ್ದ ಸೊನ್ನೆ

ಭೂಮಿ ಅಳೆಯುವುದು ನನ್ನ ಕಸುಬು. ಟೇಪು ತೋರಿಸಿದ್ದನ್ನಷ್ಟೇ ನಂಬುತ್ತಿದ್ದೆ; ಗಾಳಿ, ಸೋಕು ಎನ್ನುವವರನ್ನು ಕಂಡರೆ ನಗು ಬರುತ್ತಿತ್ತು. ಈಗ ನೀವು ನನ್ನನ್ನು ಕಂಡು ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಹನುಮಂತರಾಯಪ್ಪ ಮತ್ತು ಅವನ ತಂಗಿ ರತ್ನಮ್ಮ, ನಿಡುಗಲ್ ಬೆಟ್ಟದ ಕೆಳಗಿನ ತಮ್ಮ ಅಪ್ಪನ ಹೊಲವನ್ನು ಪಾಲು ಮಾಡಿಕೊಡಲು ನನ್ನನ್ನು ಕರೆದರು. ಹಿಂದಿನ ಅಳತೆಯವರು ಕೈಯಲ್ಲೇ ಬರೆದಿದ್ದ ಹಳೆಯ ನಕ್ಷೆಯ ನಕಲು ನನ್ನ ಬಳಿ ಇತ್ತು. ಅದರಲ್ಲಿ ಹೊಲದ ನಡುವೆ ಒಂದು ಸೊನ್ನೆ. ಏನೆಂದು ಬರೆದಿರಲಿಲ್ಲ. ಬಾವಿ ಇರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಬರೀ ಬಯಲು, ಒಂದು ಕಲ್ಲೂ ಇಲ್ಲ.

ತಂಗಿಗೆ ನೀರಿನಲ್ಲಿ ಪಾಲು ಹೋಗುತ್ತದೆಂದು ಅಣ್ಣನೇ ಬಾವಿ ಮುಚ್ಚಿಸಿರಬಹುದೆಂಬ ಅನುಮಾನ ಬಂತು. ಹನುಮಂತರಾಯಪ್ಪನನ್ನು ನೇರವಾಗಿಯೇ ಕೇಳಿದೆ.

“ಏಮೀ ಲೇದು ಸಾ, ಏನೂ ಇಲ್ಲ. ಬೇಕಾದ್ರೆ ನನ್ ತಂಗೀನೇ ಕೇಳಿ,” ಎಂದ.

“ನಾ ಹುಟ್ಟಿದಾಗ್ನಿಂದ ಇಂಗೇ ಐತೆ ಸಾ,” ಎಂದಳು ರತ್ನಮ್ಮ.

ಅಷ್ಟರಲ್ಲಿ ಬೆಟ್ಟದಿಂದ ಮೇಕೆಗಳ ಹಿಂಡು ಇಳಿದು ಬಂತು. ನಕ್ಷೆಯಲ್ಲಿ ಸೊನ್ನೆ ಇದ್ದ ಜಾಗದ ಹತ್ತಿರ ಹಿಂಡು ಎರಡಾಗಿ ಒಡೆದು, ಆಚೆ ಹೋಗಿ ಮತ್ತೆ ಒಂದಾಯಿತು. ಏನೋ ವಾಸನೆ ಇರಬೇಕೆಂದು ಸುಮ್ಮನಾದೆ. ಟೇಪಿನ ಒಂದು ತುದಿಯನ್ನು ಹನುಮಂತರಾಯಪ್ಪನಿಗೆ ಕೊಟ್ಟು, ಎದುರಿನ ಗಡಿಕಲ್ಲಿನ ಮೇಲೆ ಕಣ್ಣಿಟ್ಟು ನೇರವಾಗಿ ನಡೆದೆ.

ಬೇವಿನ ಮರದ ಕೆಳಗೆ ಕುಳಿತಿದ್ದ ರತ್ನಮ್ಮ, “ಯಾಕ್ಸಾ ಅಂಗೆ ಸುತ್ತಾಕ್ಕೊಂಡ್ ಹೋದ್ರಿ?” ಎಂದು ಕೂಗಿದಳು.

“ನೇರ ಬಂದೆನಲ್ಲಮ್ಮ,” ಎಂದೆ.

ಅವಳು ನೆಲದತ್ತ ಕೈ ತೋರಿಸಿದಳು. ಟೇಪು ಆ ಜಾಗವನ್ನು ಬಳಸಿಕೊಂಡು ಬಿಲ್ಲಿನಂತೆ ಬಾಗಿ ಬಿದ್ದಿತ್ತು. ಮತ್ತೆ ನಡೆದೆ, ಈ ಸಲ ನನ್ನ ಪಾದಗಳನ್ನೇ ನೋಡುತ್ತ. ಮತ್ತೆ ಹಾಗೆಯೇ ಆಯಿತು.

ಹನುಮಂತರಾಯಪ್ಪ ನನ್ನನ್ನು ಪಕ್ಕಕ್ಕೆ ಕರೆದ. “ಆ ಜಾಗ ನನ್ ಪಾಲಿಗೇ ಬರಂಗೆ ಮಾಡ್ಬುಡಿ ಸಾ. ಬೇಕಾದ್ರೆ ಅವಳಿಗೆ ರಸ್ತೆ ಕಡೀಕೆ ಜಾಸ್ತಿ ಹೋಗ್ಲಿ. ಅವಳ ಮೊಮ್ಮಕ್ಳು ಹೊಲದಾಗೆ ಆಡ್ತವೆ.”

“ಅಲ್ಲೇನಿದೆ?” ಎಂದೆ.

ಅವನು ಟೇಪು ಸುತ್ತತೊಡಗಿದ. ರತ್ನಮ್ಮನೂ ಒಪ್ಪಿದ್ದರಿಂದ ಅವನು ಹೇಳಿದಂತೆಯೇ ಪಾಲು ಮಾಡಿಕೊಟ್ಟೆ. ಮೋಸಗಾರನೆಂದು ನಾನು ಸಂಶಯಪಟ್ಟವನು ರಸ್ತೆ ಬದಿಯ ಒಳ್ಳೆಯ ನೆಲ ಬಿಟ್ಟು ಆ ಜಾಗವನ್ನು ಕೇಳಿ ಪಡೆದಿದ್ದ. ತಂಗಿಯ ಮೇಲಿನ ಅಕ್ಕರೆಯೇ ಇರಬಹುದು.

ಆದರೂ ಮನಸ್ಸು ತಡೆಯದೆ, ಮಳೆ ಬಿದ್ದ ಮೇಲೆ ಒಮ್ಮೆ ಆ ಕಡೆ ಹೋದೆ. ಹನುಮಂತರಾಯಪ್ಪ ಉಳುತ್ತಿದ್ದ. ಎತ್ತುಗಳು ಆ ಜಾಗದ ನಟ್ಟನಡುವೆಯೇ ಹಾದು ಹೋದವು. ಒಂದು ಸಾಲೂ ಡೊಂಕಾಗಿರಲಿಲ್ಲ. ನನ್ನನ್ನೂ ಮೇಕೆಗಳನ್ನೂ ಬಿಡದ ಆ ನೆಲ ಅವನನ್ನು ಮಾತ್ರ ಒಳಗೆ ಬಿಟ್ಟುಕೊಂಡಿತ್ತು. ನನ್ನನ್ನು ಕಂಡವನೇ ಎತ್ತು ನಿಲ್ಲಿಸಿ, ನಾನು ಅಲ್ಲಿಂದ ಹೊರಟುಹೋಗುವವರೆಗೂ ಅಲ್ಲೇ ನಿಂತು ನೋಡುತ್ತಿದ್ದ.